ಕಾಯಿ ಹಿಡಿದು ನಿಂತ ಯಜಮಾನರು

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹರೆಯದಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದಾಗ ಸುತ್ತಿಗೆ ಏಟಿಗೆ ಕಿತ್ತುಹೋದದ್ದು ಮತ್ತೆ ಬರಲೇ ಇಲ್ಲವಂತೆ. ಸ್ಲ್ಯಾಬಿನ ಹಲಗೆಗಳ ಕೆಳಗೆ ಆನಿಕೆಗೆ ನಿಲ್ಲಿಸಿದ ಒಂದೊಂದು ಮರದ ಕಂಬವನ್ನೂ ಆ ಬೋಳು ಬೆರಳಿನಿಂದಲೇ ಒತ್ತಿ ನೋಡುತ್ತಿದ್ದರು. ಕಂಬ ಅಲ್ಲಾಡಿದರೆ ಏನೂ ಅನ್ನುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಅದಕ್ಕಿಂತ ನಾಲ್ಕು ಬೈದಿದ್ದರೇ ವಾಸಿಯಿತ್ತು.

ಹಿಂದೂಪುರದವರು, ಸರ್ಕಾರಿ ಕಟ್ಟಡಗಳ ದೊಡ್ಡ ಗುತ್ತಿಗೆದಾರರು. ನಾವೆಲ್ಲ ಯಜಮಾನರು ಅನ್ನುತ್ತಿದ್ದೆವು. ಶಾಲೆಯೋ ಹಾಸ್ಟೆಲ್ಲೋ, ಕೆಲಸ ಅವರ ಹೆಸರಿಗೆ ಬರುತ್ತಿತ್ತು. ಅದರಲ್ಲಿ ಕಂಬಿ ಕಟ್ಟುವುದು, ಹಲಗೆ ಹೊಡೆದು ಕಂಬ ಕೊಡುವುದು ತುಂಡು ಗುತ್ತಿಗೆಯಾಗಿ ನನಗೆ. ಬೇರೆ ದೊಡ್ಡ ಗುತ್ತಿಗೆದಾರರು ಕೆಲಸ ಹಂಚಿದ ಮೇಲೆ ಉದ್ಘಾಟನೆಯ ದಿನವೇ ಮುಖ ತೋರಿಸುವುದು. ಇವರು ನನ್ನ ಆಳುಗಳ ಹೆಸರು, ಊರು, ವಿಮೆ ಎಲ್ಲವನ್ನೂ ತಾವೇ ಕೂತು ಬರೆದುಕೊಳ್ಳುತ್ತಿದ್ದರು. “ಆಳು ನನ್ನೋರಲ್ವಾ ಯಜಮಾನ್ರೇ, ನಿಮಗ್ಯಾಕೆ ಈ ತಲೆನೋವು?” ಅಂತ ಒಮ್ಮೆ ರೇಗಿಯೂ ಬಿಟ್ಟೆ.

“ಕೆಲ್ಸ ಹಂಚ್‌ಬೋದು ಕಣ್ಲಾ, ಹೊಣೆ ಹಂಚಕಾಗಲ್ಲ,” ಅಂದು ಮುಂದಿನ ಆಳಿನ ಹೆಸರು ಕೇಳಿದರು.

ನಮ್ಮ ಕಡೆ ಸ್ಲ್ಯಾಬ್ ಹಾಕುವ ದಿನ ಕಾಯಿ ಒಡೆಯದೆ ಯಾವ ಮೇಸ್ತ್ರಿಯೂ ಮೊದಲ ಬಾಂಡಲಿ ಕಾಂಕ್ರೀಟ್ ಸುರಿಯುವುದಿಲ್ಲ. ಯಜಮಾನರು ಇದನ್ನು ಚೆನ್ನಾಗಿ ಬಲ್ಲರು. ಹಿಂದೂಪುರದಿಂದ ಚೀಲದಲ್ಲಿ ಕಾಯಿ ತಂದು ತಮ್ಮ ಕೈಯಲ್ಲೇ ಹಿಡಿದಿರುತ್ತಿದ್ದರು. ಎಲ್ಲ ಕಂಬ ಒತ್ತಿ ಮುಗಿದು, ಎಲ್ಲರ ತಲೆಗೂ ಹೆಲ್ಮೆಟ್ ಬಂದ ಮೇಲೇ ಒಡೆಯುವುದು. ಒಮ್ಮೆ ಮುದುಕನೊಬ್ಬ ರುಮಾಲು ಬಿಚ್ಚುವುದಿಲ್ಲ ಅಂತ ಹಟ ಹಿಡಿದು ಕೂತ. ಮಿಕ್ಸರ್ ಗಡಗಡ ತಿರುಗುತ್ತಿದೆ, ಇವರು ಕಾಯಿ ಹಿಡಿದು ನಿಂತೇ ಇದ್ದಾರೆ. ಕೊನೆಗೆ ಮುದುಕನೇ ಸೋತು, “ತತ್ತಾರಪ್ಪಾ ಆ ಬೋಗುಣಿನಾ, ನಿನ್ ಕಾಯ್ಗೊಂದು ನಮಸ್ಕಾರ!” ಅಂದು ಹೆಲ್ಮೆಟ್ ಹಾಕಿಕೊಂಡ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕಲ್ಯಾಣದುರ್ಗದ ಹಾಸ್ಟೆಲ್ ಸ್ಲ್ಯಾಬಿನ ದಿನ ಅವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. “ನಾನ್ ಬರೋಗಂಟ ತಡಕೊಳ್ಲಾ, ಬತ್ತೀನಿ,” ಅಂತ ಫೋನ್ ಮಾಡಿದರು. ನನ್ನದೋ ಹಾಳು ಅವಸರದ ಬುದ್ಧಿ. ಬಿಸಿಲೇರುತ್ತಿತ್ತು, ಆಳುಗಳು ಸುಮ್ಮನೆ ಕೂತಿದ್ದರು. ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಒಂದು ಮೂಲೆಯಲ್ಲಿ ಉದ್ದ ಸಾಲದೆ ಎರಡೆರಡು ತುಂಡು ಸೇರಿಸಿ ಮೊಳೆ ಹೊಡೆದ ಕಂಬಗಳನ್ನು ಕೊಟ್ಟಿದ್ದೆ. ಯಜಮಾನರು ಬಂದರೆ ಅವನ್ನು ಬಿಚ್ಚಿಸುತ್ತಾರೆ ಅಂತ ನನಗೆ ಗೊತ್ತಿತ್ತು. ಅಂಗಡಿಯಿಂದ ಒಂದು ಕಾಯಿ ತಂದು ನಾನೇ ಒಡೆದೆ. ಕಾಯಿ ಒಡೆದಾಯಿತಲ್ಲ, ಮತ್ಯಾರೂ ಏನೂ ಕೇಳಲಿಲ್ಲ.

ಅರ್ಧ ಸ್ಲ್ಯಾಬ್ ಆಗುವ ಹೊತ್ತಿಗೆ ಆ ಮೂಲೆ ಕುಸಿಯಿತು. ಬಾಂಡಲಿ ಹೊತ್ತಿದ್ದ ಬೆಳುಗುಪ್ಪದ ಹೆಂಗಸೊಬ್ಬಳು ಅದರ ಜೊತೆಗೇ ಕೆಳಗೆ ಹೋದಳು. ದೇವರು ದೊಡ್ಡವನು, ಜೀವ ಉಳಿಯಿತು. ಬಲಭುಜ ಮುರಿದಿತ್ತು.

ಯಜಮಾನರು ಬಂದಾಗ ಅವರ ಕಾಯಿ ಚೀಲದಲ್ಲಿ ಹಾಗೇ ಇತ್ತು. ನಾನು ಒಡೆದ ಹೋಳುಗಳನ್ನು ನೋಡಿದರು, ಮೊಳೆ ಕಿತ್ತುಬಂದ ಕಂಬಗಳನ್ನು ನೋಡಿದರು. ಆಮೇಲೆ ಆಸ್ಪತ್ರೆ ಯಾವ ಕಡೆ ಅಂತ ಮಾತ್ರ ಕೇಳಿದರು.

ವಿಚಾರಣೆಗೆ ಬಂದ ಇಂಜಿನಿಯರಿಗೆ ಅವರ ಮೇಲೆ ಗೌರವವಿತ್ತು. ತುಂಡು ಗುತ್ತಿಗೆಯವನು ಮಾತು ಮೀರಿ ಕೆಲಸ ಶುರು ಮಾಡಿದ ಅಂತ ಬರೆದುಕೊಡಿ, ನಿಮ್ಮ ತನಕ ಬರುವುದಿಲ್ಲ ಎಂದು ತೆಲುಗಿನಲ್ಲಿ ದಾರಿ ತೋರಿಸಿದರು. ಅದು ಸುಳ್ಳೂ ಆಗಿರಲಿಲ್ಲ. ನಾನು ಸಿಮೆಂಟ್ ಮೂಟೆಗಳ ಹಿಂದೆ ನಿಂತು ಕೇಳುತ್ತಿದ್ದೆ.

“ಬೋರ್ಡು ಮೀದ ಉಂಡೇದಿ ನಾ ಪೇರೇ ಕದಾ ಸಾರ್,” ಅಂದರು ಯಜಮಾನರು. ಬೋರ್ಡಿನ ಮೇಲಿರುವುದು ನನ್ನ ಹೆಸರೇ ಅಲ್ಲವೇ ಅಂತ. “ಕಂಬ ನೋಡಿಕೊಳ್ಳಬೇಕಾದವನು ನಾನು, ನೋಡಲಿಲ್ಲ” ಎಂದಷ್ಟೇ ಬರೆದು ತಮ್ಮ ರುಜು ಹಾಕಿದರು. ಅವರ ಲೈಸೆನ್ಸ್ ಹೋಯಿತು. ನನ್ನ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಥೂ, ನನ್ನ ಬಾಳಿಗಿಷ್ಟು!

ಎರಡು ವರ್ಷ ಅವರ ಬೀದಿಯ ಕಡೆ ತಲೆ ಹಾಕಲಿಲ್ಲ. ಹಾಸಿಗೆ ಹಿಡಿದಿದ್ದಾರೆ ಅಂತ ಕೇಳಿದ ಮೇಲೆ ಈ ವರ್ಷ ಹಿಂದೂಪುರಕ್ಕೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. “ತಪ್ಪಾಯ್ತು ಯಜಮಾನ್ರೇ, ಆವತ್ತು ಕಾಯಿ ನಾನೇ...” ಅನ್ನುವಷ್ಟರಲ್ಲಿ ಕೈ ಅಡ್ಡ ತಂದರು.

“ಅದಿರ್ಲಿ ಕಣಪ್ಪ. ಆಯಮ್ಮ ಈಗ ಕೈ ಎತ್ತತಾಳಾ? ನಾನು ಹೋಗಿ ಮೂರು ತಿಂಗ್ಳಾಯ್ತು.”

ನನಗೆ ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ಹೋಗಿ ಕೇಳಿರಲಿಲ್ಲ. “ನೋಡ್ಕಂಡ್ ಬತ್ತೀನಿ,” ಅಂದು ಎದ್ದೆ.

ಮಾರನೆಯ ದಿನ ಕಲ್ಯಾಣದುರ್ಗದ ತನಕ ಬಸ್ಸು, ಅಲ್ಲಿಂದ ಬೆಳುಗುಪ್ಪಕ್ಕೆ ಆಟೋ. ಆಕೆ ಮನೆ ಮುಂದೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ನನ್ನ ಗುರುತು ಹಿಡಿದಳು. ಉಗಿಯುತ್ತಾಳೆ ಅಂದುಕೊಂಡೆ.

“ಯಜಮಾನ್ರು ಯಾಕ್ ಬರ್ನಿಲ್ಲಣ್ಣಾ? ತಿಂಗ್ಳಿಗೊಂದ್ ಸತಿ ಬಂದು, ‘ಎಲ್ಲಿ ಎತ್ತಮ್ಮಾ ನೋಡಾನ’ ಅಂತಿದ್ರು,” ಅಂದಳು. ಅವರ ಕಾಯಿಲೆಯ ವಿಷಯ ಹೇಳಿದೆ. ಕೈಯಲ್ಲಿದ್ದ ಕಡಲೆಕಾಯಿ ಕೆಳಗಿಟ್ಟಳು. ಆಮೇಲೆ ಎದ್ದು ನಿಂತು, ಹಲ್ಲು ಕಚ್ಚಿ ಬಲಗೈ ಎತ್ತಿದಳು. ಅದು ಕಿವಿಯ ಹತ್ತಿರ ಬಂದು ನಿಂತಿತು. “ಹೋದ್ಸಲ ಭುಜದ ಗಂಟ ಬತ್ತಿತ್ತು. ಈಗ ಜಡೆ ನಾನೇ ಹಾಕ್ಕಂತೀನಿ ಅಂತ ಹೇಳಣ್ಣಾ.”

ನಾನು ಹಿಂದೂಪುರ ಮುಟ್ಟಿದಾಗ ಅವರ ಮನೆ ಮುಂದೆ ಜನ ಸೇರಿದ್ದರು. ಚಾಪೆಯ ಮೇಲೆ ಮಲಗಿಸಿ ಎರಡೂ ಹೆಬ್ಬೆರಳು ಸೇರಿಸಿ ದಾರ ಕಟ್ಟಿದ್ದರು. ಉಗುರಿಲ್ಲದ್ದು ಮೇಲಿತ್ತು. ನಾನು ಅವರ ಪಕ್ಕ ಕೂತು, ಕಿವಿಯ ಹತ್ತಿರ ಬಗ್ಗಿ ಹೇಳಿದೆ.

“ಕಿವಿ ಗಂಟ ಎತ್ತತಾಳೆ ಯಜಮಾನ್ರೇ. ಜಡೆ ತಾನೇ ಹಾಕ್ಕಂತಾಳೆ.”

ಅವರಿಗೆ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಅವರ ಹೆಂಡತಿಗೆ ಕೇಳಿಸಿತು. ಇನ್ನೊಂದು ಸಲ ಹೇಳು ಅಂದರು, ಹೇಳಿದೆ. ಬರುವ ತಿಂಗಳು ಬೆಳುಗುಪ್ಪಕ್ಕೆ ನಾನು ಹೋಗಬೇಕು.