ಟ್ಯಾಂಕರ್ ಆನೆಯಾದ ಪದ್ಯ

ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದ ನನಗೆ ನಿವೃತ್ತಿಯ ನಂತರವೂ ವೇಳೆಗೆ ಸರಿಯಾಗಿ ಶುರುವಾಗಿ ವೇಳೆಗೆ ಸರಿಯಾಗಿ ಮುಗಿಯುವ ಕೆಲಸವೊಂದು ಬೇಕಿತ್ತು. ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ಕಾರುಗಳ ನಡುವಿನ ಖಾಲಿ ಜಾಗದಲ್ಲಿ ಚಾಪೆ ಹಾಸಿ, ಭಾನುವಾರದ ಕನ್ನಡ ತರಗತಿ ಆರಂಭಿಸಿದೆ. ಹತ್ತಕ್ಕೆ ಶುರು, ಹನ್ನೊಂದೂವರೆಗೆ ಮುಕ್ತಾಯ. ತಡವಾಗಿ ಬಂದವರು ಚಾಪೆಯ ಕೊನೆಯಲ್ಲಿ ಕೂರಬೇಕು. ಮಕ್ಕಳಲ್ಲಿ ಅರ್ಧದಷ್ಟು ನಮ್ಮ ಕಟ್ಟಡದವರು, ಉಳಿದವರು ಪಕ್ಕದಲ್ಲಿ ಏಳುತ್ತಿದ್ದ ಕಟ್ಟಡದ ತಗಡಿನ ಶೆಡ್ಡುಗಳವರು. ಶೆಡ್ಡಿನವರು ಯಾದಗಿರಿ, ರಾಯಚೂರು ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಅಂಗಡಿಯಲ್ಲಿ ಹಿಂದಿ.

ನಗರದ ಇನ್ನೊಂದು ತುದಿಯ ಸಿಕಂದರಾಬಾದಿನಲ್ಲಿ ಕನ್ನಡಿಗರ ಸಮಾರಂಭವೊಂದಿತ್ತು. ನಗರದ ಪ್ರತಿ ಕನ್ನಡ ತರಗತಿಯಿಂದ ಒಂದು ಮಗು ಬಂದು ಒಂದು ಕಥನ ಪದ್ಯ ಹೇಳಬೇಕು, ಕೈಯಲ್ಲಿ ಕಾಗದ ಇರಬಾರದು. ನನ್ನ ಬಳಿ ಇದ್ದ ಪುಸ್ತಕಗಳಲ್ಲಿ ಮಣಿಕೊಂಡದ ಮಕ್ಕಳಿಗೆ ಒಗ್ಗುವ ಕಥೆ ಸಿಗಲಿಲ್ಲ. ನಾನೇ ಬರೆದೆ. ದಾರಿ ತಪ್ಪಿದ ನೀರಿನ ಟ್ಯಾಂಕರಿನ ಕಥೆ, ಹತ್ತು ಚರಣ.

ಹೋಗಬೇಕೆಂದು ಇಬ್ಬರು ಹುಡುಗಿಯರು ಕೈ ಎತ್ತಿದರು. ಒಬ್ಬಳು ನಮ್ಮ ಮೂರನೇ ಮಹಡಿಯವಳು, ಚೆನ್ನಾಗಿ ಓದುತ್ತಾಳೆ. ಇನ್ನೊಬ್ಬಳು ಶೆಡ್ಡಿನವಳು, ಒಂಬತ್ತು ವರ್ಷ. ಅವಳಿಗೆ ಕನ್ನಡ ಓದಲು ಬಾರದು. ತೆಲುಗು ಅಕ್ಷರಗಳ ಬಲದಿಂದ ನನ್ನ ಹಾಳೆಯನ್ನು ಅರ್ಧ ಊಹಿಸುತ್ತಿದ್ದಳು, ಉಳಿದದ್ದನ್ನು ಕಿವಿಯಿಂದ ಕಲಿಯುತ್ತಿದ್ದಳು. ಅವಳ ತಾಯಿ ಸಿಮೆಂಟು ಮೆತ್ತಿದ ಕೈಯಲ್ಲೇ ಬಂದು ಸೆಲ್ಲಾರಿನ ಇಳಿಜಾರಿನಲ್ಲಿ ನಿಂತಳು.

"ಅಮ್ಮಾರ, ಆಕಿಗೆ ಅದೊಂದ ಹುಚ್ಚು ಹಿಡದೈತ್ರಿ. ಸ್ಟೇಜ್ ಮ್ಯಾಲ ನಿಂದ್ರಬೇಕಂತ. ಉಣ್ಣಾಕ ಕುಂತ್ರೂ ಅದ, ಮಲಗಿದ್ರೂ ಅದ. ಕಳಸ್ತೀರೇನ್ರಿ?"

"ಎರಡು ಸಲ ನಡುವ ನಿಲ್ಲದಂಗ ಹೇಳಿದ್ರ ಕಳಸ್ತೀನಿ. ಯಾರು ಹೇಳ್ತಾರೋ ಅವರು."

"ಹೇಳ್ತಾಳ ಬಿಡ್ರಿ. ಬಾಯಿ ಭಾಳ ಐತಿ ಆಕಿಗೆ."

ಪರೀಕ್ಷೆಗೆ ನಿಗದಿಯಾದ ಭಾನುವಾರ ಶೆಡ್ಡಿನ ಹುಡುಗಿ ಎದ್ದು ನಿಂತಳು. ಎರಡು ಚರಣ ಸರಾಗವಾಗಿ ಹೋದವು. ಮೂರನೆಯದರ ಬಾಗಿಲಲ್ಲಿ ನಿಂತುಬಿಟ್ಟಳು. ಮತ್ತೆ ಮೊದಲಿನಿಂದ ಶುರು ಮಾಡಿ ಮತ್ತೆ ಅಲ್ಲೇ ನಿಂತಳು. ಅವಳ ಕಣ್ಣು ತುಂಬಿತು, ಆದರೆ ಅಳಲಿಲ್ಲ. ನಾನು ಪಟ್ಟಿಯಲ್ಲಿ ಅವಳ ಹೆಸರಿನ ಎದುರು ಅಡ್ಡಗೆರೆ ಎಳೆದು ಇನ್ನೊಬ್ಬಳನ್ನು ಕರೆದೆ. ಓದಬಲ್ಲ ಹುಡುಗಿಯೂ ಮೂರನೆಯ ಚರಣದಲ್ಲೇ ನಿಂತಳು.

ಕಾರ್ಖಾನೆಯಲ್ಲಿ ಯಂತ್ರದ ಒಂದು ಭಾಗ ಕೆಟ್ಟು ಬಂದರೆ ಕೆಲಸಗಾರನನ್ನು ಕೇಳುತ್ತೇವೆ. ಎರಡು ಭಾಗಗಳು ಒಂದೇ ಜಾಗದಲ್ಲಿ ಕೆಟ್ಟು ಬಂದರೆ ನಕ್ಷೆಯನ್ನು ತೆಗೆದು ನೋಡುತ್ತೇವೆ. ಇದು ನಮ್ಮ ವಿಭಾಗದ ಮೊದಲ ಪಾಠ. ನಾನು ಅಡ್ಡಗೆರೆ ಅಳಿಸಿದೆ. ಎರಡು ವಾರ ಬಿಟ್ಟು ಮತ್ತೆ ಪರೀಕ್ಷೆ ಎಂದೆ. ಮಧ್ಯಾಹ್ನ ಊಟವಾದ ಮೇಲೆ ಪದ್ಯದ ಹಾಳೆಯನ್ನು ಎದುರಿಗಿಟ್ಟು ಕೆಂಪು ಪೆನ್ಸಿಲ್ ಹಿಡಿದೆ.

ಮೊದಲ ಚರಣ ಹೀಗಿತ್ತು:

ಮುಂಗಾರಿನ ಮೋಡದ ಹಾಗೆ ಟ್ಯಾಂಕರ್ ಒಂದು ಓಡಿತು,
ದಾರಿ ತಪ್ಪಿ ಗಲ್ಲಿಗೆ ಬಂದು ಮನೆಗಳನೆಲ್ಲ ನೋಡಿತು.

ಮುಂದೆ ಹಾಡಿತು, ಕಾಡಿತು, ಬೇಡಿತು. ಬರೆಯುವಾಗ ನನಗೆ ಬಹಳ ಸುಲಭವಾಗಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೇ ಬರುವುದರಿಂದ ಸಾಲಿನ ತುದಿಯ ಪ್ರಾಸ ಕೇಳದೆಯೇ ಸಿಗುತ್ತದೆ. ತೊಂದರೆ ಇದ್ದದ್ದೂ ಅಲ್ಲೇ. ಎಲ್ಲ ತುದಿಗಳೂ ಒಂದೇ ತರಹ ಇದ್ದವು, ಮಕ್ಕಳು ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳುತ್ತಿದ್ದರು. ಅದಕ್ಕಿಂತ ಮುಖ್ಯ ವಿಷಯ ಕೆಂಪು ಗುರುತುಗಳನ್ನು ಹಾಕಿದಾಗ ಕಂಡಿತು. ಮಕ್ಕಳು ತಡವರಿಸಿದ್ದು ಸಾಲಿನ ಕೊನೆಯಲ್ಲಿ ಅಲ್ಲ, ಯಾವಾಗಲೂ ಸಾಲಿನ ಆರಂಭದಲ್ಲಿ. ಮೊದಲ ಪದ ಸಿಕ್ಕರೆ ಉಳಿದದ್ದು ತಾನೇ ಬರುತ್ತಿತ್ತು.

ಬಾಗಲಕೋಟೆಯ ಶಾಲೆಯಲ್ಲಿ ನಮ್ಮ ಮಾಸ್ತರರು ಹಳೆಯ ಪದ್ಯಗಳನ್ನು ಬಾಯಿಪಾಠ ಮಾಡಿಸುವಾಗ ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಮೇಜಿಗೆ ಕೋಲು ಬಡಿಯುತ್ತಿದ್ದರು. ಆ ಅಕ್ಷರ ಎಲ್ಲ ಸಾಲುಗಳಲ್ಲೂ ಒಂದೇ ಇರುತ್ತಿತ್ತು. ಹಳಬರ ಶೋಕಿ ಎಂದು ನಾನು ಆಗ ತಿಳಿದಿದ್ದೆ. ಕಾಗದವಿಲ್ಲದವರಿಗೆ ಸಾಲಿನ ಬಾಗಿಲಲ್ಲೇ ಹಿಡಿಕೆ ಬೇಕು ಎಂಬುದು ಈಗ ಈ ಹುಡುಗಿಯರಿಂದ ತಿಳಿಯಿತು.

ಮರುದಿನ ಸಂಜೆಯಿಂದ ಶೆಡ್ಡಿನವಳನ್ನು ದಿನವೂ ಅರ್ಧ ಗಂಟೆ ಕೂರಿಸಿಕೊಂಡೆ. ಇನ್ನೊಬ್ಬಳನ್ನೂ ಕರೆದಿದ್ದೆ, ಅವಳಿಗೆ ಟ್ಯೂಷನ್ ಇತ್ತು. ಮೊದಲ ಸಾಲು ಓದುತ್ತಿದ್ದಂತೆ ಹುಡುಗಿ ಬಾಯಿ ಹಾಕಿದಳು.

"ಅಮ್ಮಾರ, ಮೋಡ ಹಾರ್ನ್ ಹೊಡೀತೈತೇನ್ರಿ?"

"ಹಾಗಾದ್ರ ನಿನಗ ಅದು ಏನು ಕಂಡಂಗ ಕಾಣತೈತಿ?"

"ಆನಿ ಕಂಡಂಗ್ರಿ. ಹಿಂದ ಪೈಪ್ ಐತಲ್ರಿ, ಅದ ಸೊಂಡಿ. ಡ್ರೈವರ್ ಮಾವುತ."

ಹೋಲಿಕೆ ಬದಲಾಯಿಸುವುದೆಂದರೆ ಒಂದು ಪದ ತೆಗೆದು ಇನ್ನೊಂದು ಇಡುವುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಟ್ಯಾಂಕರ್ ಆನೆಯಾದ ಮೇಲೆ ಹಾರ್ನು ಘೀಳಾಯಿತು, ಸೋರುವ ನೀರು ಬೆವರಾಯಿತು. ಆನೆ ಸುಮ್ಮನೆ ಓಡುವುದಿಲ್ಲ, ದಣಿಯುತ್ತದೆ, ಕೇಳುತ್ತದೆ. ಹೀಗೆ ಅರ್ಧ ಕಥೆಯನ್ನು ಹೋಲಿಕೆಯೇ ಬರೆಯಿತು. ಮೋಡದಿಂದ ನನಗೆ ಮೊದಲ ಸಾಲು ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ.

ಇನ್ನೊಂದು ದೋಷವನ್ನೂ ಅವಳೇ ಹಿಡಿದಳು. ದೊಡ್ಡವರ ಕಥೆಗಳಂತೆ ಇರಲಿ ಎಂದು ನಾನು ಎರಡನೆಯ ಚರಣದಲ್ಲಿ ಸಂಜೆ ಖಾಲಿಯಾದ ಟ್ಯಾಂಕರನ್ನು ತೋರಿಸಿ, ಮೂರನೆಯದರಲ್ಲಿ ಬೆಳಗ್ಗೆಗೆ ಹಿಂದಿರುಗಿದ್ದೆ.

"ಮೊದ್ಲ ಖಾಲಿ ಆತು ಅಂತೀರಿ. ಆಮ್ಯಾಲ ತುಂಬಿ ಬಂತು ಅಂತೀರಿ. ನಡುವ ನೀರು ಎಲ್ಲಿಂದ ತಂದ್ರಿ ನೀವು?"

ಕಥೆಯನ್ನು ಬೆಳಗ್ಗೆಯಿಂದ ಸಂಜೆಗೆ ನೇರ ಮಾಡಿದೆ. ಆನೆ ಮೂರು ಕಡೆ ನಿಂತು ನೀರು ಬೇಕೇ ಎಂದು ಕೇಳುವಂತೆ, ಎರಡು ಕಡೆ ಬೇಡವೆಂದು, ಮೂರನೆಯ ಕಡೆ ಬೇಕೆಂದು ಉತ್ತರ ಬರುವಂತೆ ಕಟ್ಟಿದೆ. ಮಾಸ್ತರರ ಕೋಲು ನೆನೆದು ಚರಣದ ಸಾಲುಗಳಲ್ಲಿ ಎರಡನೆಯ ಅಕ್ಷರವನ್ನು ಒಂದೇ ಮಾಡಿದೆ. ಹತ್ತು ಚರಣ ಎಂಟಾಯಿತು. ಮೂರನೆಯದು ಹೀಗಾಯಿತು:

ಗಲ್ಲಿ ತಿರುವಿನಲ್ಲಿ ನಿಂತು
ಎಲ್ಲ ಕದವ ನೋಡಿತು,
ಮೆಲ್ಲ ಮೆಲ್ಲ ಸೊಂಡಿಲೆತ್ತಿ
ಇಲ್ಲೆ? ಇಲ್ಲೆ? ಎಂದಿತು.

ಹೊಸ ಹಾಳೆಯನ್ನು ಇಬ್ಬರಿಗೂ ಕೊಟ್ಟಿದ್ದೆ. ಎರಡು ವಾರದ ನಂತರ ಶೆಡ್ಡಿನ ಹುಡುಗಿ ಎರಡು ಸಲ ತಡೆಯಿಲ್ಲದೆ ಹೇಳಿದಳು. ಮೂರನೇ ಮಹಡಿಯವಳು ಎರಡನೆಯ ಸಲ ಒಂದು ಕಡೆ ತಡವರಿಸಿದಳು. ನಿಯಮ ನಿಯಮವೇ. ಅವಳು ಮುಖ ಊದಿಸಿಕೊಂಡು, "ಆಂಟಿ, ಅವಳಿಗೆ ನೀವು ದಿನಾ ಹೇಳಿಕೊಟ್ಟಿರಿ," ಎಂದಳು. ಅದು ನಿಜ. ಮುಂದಿನ ವರ್ಷ ಇಬ್ಬರಿಗೂ ಸಮನಾದ ವೇಳೆ ಕೊಡುವುದೆಂದು ಬರೆದಿಟ್ಟುಕೊಂಡೆ.

ಸಮಾರಂಭದ ದಿನ ತಾಯಿ ಹಸಿರು ಸೀರೆ ಉಟ್ಟು ನನ್ನ ಪಕ್ಕ ಕುಳಿತಿದ್ದಳು. ಮಗಳು ವೇದಿಕೆಗೆ ಹೋಗಿ ಕೈ ಮುಗಿದು ಶುರು ಮಾಡಿದಳು. ಮೂರನೆಯ ಚರಣದ ನಡುವೆ, "ಎಲ್ಲ ಕದವ ನೋಡಿತು" ಎನ್ನುತ್ತಿದ್ದಂತೆ, ಮೈಕು ಕೀರಲಿಟ್ಟಿತು. ಯಾರೋ ಓಡಿ ಬಂದು ವೈರು ಎಳೆದರು, ಸಿಕ್ಕಿಸಿದರು. ಸಭೆಯಲ್ಲಿ ಮಾತು ಶುರುವಾಯಿತು. ಹುಡುಗಿ ನನ್ನನ್ನು ನೋಡಿದಳು. ಹೇಳಿಕೊಡುವಂತಿರಲಿಲ್ಲ, ಹೇಳಿಕೊಟ್ಟರೆ ಲೆಕ್ಕಕ್ಕಿಲ್ಲ. ತಾಯಿ ನನ್ನ ಮೊಣಕೈ ಹಿಡಿದಳು.

"ಹೋತ್ರಿ," ಎಂದಳು.

"ತಡೀರಿ."

ಹುಡುಗಿಯ ತುಟಿ ಮಾತ್ರ ಆಡುತ್ತಿತ್ತು. ಗಲ್ಲಿ, ಎಲ್ಲ, ಗಲ್ಲಿ, ಎಲ್ಲ. ಮತ್ತೆ ಒಂದು ಉಸಿರು. "ಮೆಲ್ಲ ಮೆಲ್ಲ" ಎಂದು ಹಿಡಿದವಳು ಎಂಟನೆಯ ಚರಣದವರೆಗೂ ನಿಲ್ಲಲಿಲ್ಲ. ಮುಗಿಸಿ ಕೈ ಮುಗಿದು, ಚಪ್ಪಾಳೆಗೆ ಕಾಯದೆ, ಮೆಟ್ಟಿಲಿಳಿದು ನೇರ ನಮ್ಮ ಬಳಿ ಬಂದಳು.

"ಏನಬೇ, ನಡುವ ನನ್ನ ಜೀವಾ ತಗದಿ," ಎಂದಳು ತಾಯಿ.

"ಹೇಳಿದ್ನಲ್ಲಬೇ ಪೂರಾ. ಊಟ ಎಲ್ಲೈತ್ರಿ ಅಮ್ಮಾರ?"

ಹಿಂಭಾಗದಲ್ಲಿ ಬಿಸಿಬೇಳೆ ಬಾತಿನ ಸಾಲು ಆಗಲೇ ಉದ್ದವಾಗಿತ್ತು. ಮೂವರೂ ಹೋಗಿ ಸಾಲಿನ ಕೊನೆಗೆ ನಿಂತೆವು.