ಆಫ್ ಮಾಡುವ ಮುಂಚೆ ಒಂದು ನಿಮಿಷ

ರಾಚಣ್ಣ ಬಂದ ಕೂಡಲೇ ಬಾನೆಟ್ ಎತ್ತಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಮೊದಲು ಇಂಜಿನ್ ಸ್ಟಾರ್ಟ್ ಮಾಡಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಮುಚ್ಚಿ, ಎಡಗಿವಿಯನ್ನು ಕಾರಿನ ಕಡೆ ತಿರುಗಿಸಿ ನಿಲ್ಲುತ್ತಿದ್ದರು. ಆಗ ಯಾರೂ ಉಸಿರೆತ್ತಕೂಡದು. ಒಮ್ಮೆ ಪಕ್ಕದ ಮನೆಯ ಸುಂದ್ರಮ್ಮ ಕಾಂಪೌಂಡಿನ ಆಚೆಯಿಂದ ಏನೋ ಕೇಳಲು ಬಾಯಿ ತೆರೆದಾಗ, ಕಣ್ಣು ಬಿಡದೆಯೇ ಕೈ ಎತ್ತಿ ಸುಮ್ಮನಾಗಿಸಿದ್ದರು. ಆಯಮ್ಮ ಒಂದು ವಾರ ಮುನಿಸಿಕೊಂಡರು. ಮುನಿಸು ನನ್ನ ಮೇಲೆ, ಅವರ ಮೇಲಲ್ಲ.

ಅವರು ಹಾಗೆ ಕೇಳುತ್ತಿದ್ದುದು ಟರ್ಬೊದ ಸಿಳ್ಳೆಯನ್ನು. ಡೀಸೆಲ್ ಇಂಜಿನ್ನಿನ ಹೊಗೆ ಹೊರಗೆ ನುಗ್ಗುವ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ, ಅದೇ ಕಡ್ಡಿಗೆ ಕೂಡಿಸಿದ ಇನ್ನೊಂದು ಚಕ್ರ ಇಂಜಿನ್ನಿಗೆ ಗಾಳಿ ತುಂಬುತ್ತದೆ. ಟರ್ಬೊ ಅಂದರೆ ಇಷ್ಟೆ. ಇದನ್ನು ನನಗೆ ಕಲಿಸಿದವರು ರಾಚಣ್ಣನೇ. ಅಲ್ಲಿಯವರೆಗೆ ನನಗೆ ಕಾರೆಂದರೆ ಕೀಲಿ, ಹಾರನ್ನು ಮತ್ತು ಕೋಪ.

ನಾನು ರೇಷ್ಮೆ ಇಲಾಖೆಯವಳು. ಹನೂರು ಕಡೆಯ ಹಳ್ಳಿಗಳಲ್ಲಿ ಹುಳುಮನೆ ನೋಡಿಕೊಂಡು ಓಡಾಡುವ ಕೆಲಸವಿದ್ದಾಗ ಈ ಕಾರನ್ನು ಹಳೆಯದಾಗಿಯೇ ಕೊಂಡಿದ್ದೆ. ಆಮೇಲೆ ಕೊಳ್ಳೇಗಾಲದ ಕಚೇರಿಯಲ್ಲಿ ಮೇಜಿನ ಕೆಲಸ ಬಂತು. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳುವವರಿಗೆ ಮೊದಲು ಜಾತಕ ಅನ್ನುತ್ತಿದ್ದೆ, ಆಮೇಲೆ ವಯಸ್ಸು ಅಂದೆ, ಈಗ ಯಾರೂ ಕೇಳುವುದಿಲ್ಲ. ಅಮ್ಮ ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಒಬ್ಬಳೇ. ಹೀಗಿರುವಾಗ ಕಾರು ಕರಿ ಹೊಗೆ ಉಗುಳಲು ಶುರುಮಾಡಿತು, ಏರು ಕಂಡರೆ ಏದುಸಿರು ಬಿಡುತ್ತಿತ್ತು. ಮಧುವನಹಳ್ಳಿಯಲ್ಲಿ ಒಬ್ಬರಿದ್ದಾರೆ, ಮನೆ ಬಾಗಿಲಿಗೇ ಬಂದು ಬಿಚ್ಚಿ ತೊಳೆದು ಕೊಡುತ್ತಾರೆ ಎಂದು ಕಚೇರಿಯಲ್ಲಿ ಯಾರೋ ಹೇಳಿದರು.

ಬಂದರು. ಅರವತ್ತು ದಾಟಿದ ಮನುಷ್ಯ, ಹಳೆಯ ಮೊಪೆಡ್ಡು, ಸ್ಪ್ಯಾನರುಗಳನ್ನು ಸುತ್ತಿದ ಗೊಬ್ಬರದ ಚೀಲ. ಕಣ್ಣು ಮುಚ್ಚಿ ಕೇಳಿದ್ದಾಯಿತು. ದಿನಕ್ಕೆ ಎಷ್ಟು ದೂರ ಓಡಿಸುತ್ತೀರಿ ಎಂದು ವಿಚಾರಿಸಿದರು, ಹೇಳಿದೆ.

"ಮೇಡಮ್ಮೋರೆ, ಗಾಡಿಗೇನೂ ರೋಗ ಇಲ್ಲ. ನೀವು ಎಲ್ಲಿಗೂ ಓಗದಿಲ್ಲ, ಅದೇ ರೋಗ. ಮನೆ, ಆಪೀಸು, ಮನೆ. ಒಳಗೆ ಮಸಿ ಕಟ್ಕೊಳ್ದೆ ಇನ್ನೇನಾದದು?"

ನನಗೆ ಸಿಟ್ಟು ಬಂತು. ಕಾರು ತೋರಿಸಲು ಕರೆದರೆ ನನ್ನ ಬಾಳನ್ನು ತಪಾಸಣೆ ಮಾಡುತ್ತಾರಲ್ಲ ಈ ಮನುಷ್ಯ ಅನ್ನಿಸಿತು. ಆದರೂ ಕಾಫಿ ಕೊಟ್ಟೆ.

ಅಂಗಳದಲ್ಲಿ ಹಳೆಯ ಸೀರೆ ಹಾಸಿ ಟರ್ಬೊ ಬಿಚ್ಚುತ್ತಿದ್ದರು. ಮಸಿ ಹಿಡಿದ ಭಾಗವನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಮೆತ್ತನೆಯ ಬ್ರಷ್ಷಿನಿಂದ ಮಗುವಿನ ತಲೆ ತೊಳೆಯುವ ಹಾಗೆ ತೊಳೆಯುತ್ತಿದ್ದರು. ಮನೆ ಮುಂದೆ ಬಿಚ್ಚಿದ್ದು ಮನೆ ಮುಂದೆಯೇ ಕೂಡಬೇಕು, ಒಂದು ಬೋಲ್ಟೂ ಹೊರಗೆ ಹೋಗಕೂಡದು ಎನ್ನುವುದು ಅವರ ನೇಮ. ಇನ್ನೊಂದು ನೇಮವೂ ಇತ್ತು. ತೊಳೆದ ಚಕ್ರವನ್ನು ನನ್ನ ಕೈಗೆ ಕೊಟ್ಟು, ಅಲ್ಲಾಡುತ್ತದಾ, ಎಲ್ಲಾದರೂ ಉಜ್ಜುತ್ತದಾ, ಅಲಗಿನ ತುದಿ ಮುಕ್ಕಾಗಿದೆಯಾ ಎಂದು ನನ್ನಿಂದಲೇ ಹೇಳಿಸುತ್ತಿದ್ದರು. ನನಗೇನು ಗೊತ್ತಾಗುತ್ತದೆ ಅಂದರೆ ಕೇಳುತ್ತಿರಲಿಲ್ಲ.

"ಗೂಡು ಅಮುಕಿ ನೋಡಿರೋ ಕೈಯಿ ಅದು. ಒಳಗಿರೋ ಉಳ ಎಂಗದೆ ಅಂತ ಬೆರಳಲ್ಲೇ ಏಳ್ತೀರಿ. ಇದೇನ್ ಮಹಾ?"

ಹೊಗಳಿಕೆಗೆ ಯಾರು ಸೋಲುವುದಿಲ್ಲ? ಬೆರಳಿಟ್ಟು ತಿರುಗಿಸಿ, "ಅಲ್ಲಾಡಲ್ಲ ರಾಚಣ್ಣ" ಎನ್ನುತ್ತಿದ್ದೆ. ಆ ಮಾತು ನನ್ನ ಬಾಯಿಂದ ಬಂದ ಮೇಲೆಯೇ ಅವರು ಜೋಡಿಸಲು ಕೂರುತ್ತಿದ್ದುದು.

ತಿಂಗಳಿಗೊಂದು ಭಾನುವಾರ ಕಾರನ್ನು ಏರು ಹತ್ತಿಸಬೇಕು, ಬಿಸಿಗೆ ಮಸಿ ಸುಟ್ಟುಹೋಗುತ್ತದೆ ಎಂದು ಕಟ್ಟಪ್ಪಣೆ ಮಾಡಿದರು. ಒಬ್ಬಳೇ ಹೋಗಲಾರೆ ಅಂದಿದ್ದಕ್ಕೆ ತಾವೂ ಬಂದರು. ಹನೂರು ದಾಟಿ ಮಾದಪ್ಪನ ಬೆಟ್ಟದ ತಿರುವುಗಳಲ್ಲಿ ಕಿಟಕಿ ಇಳಿಸಿಕೊಂಡು ಸಿಳ್ಳೆ ಕೇಳುತ್ತಾ ಕೂತಿರುತ್ತಿದ್ದರು. ವಾಪಸು ಬರುವಾಗ ಹನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಟೀ. ಒಮ್ಮೆ ಅಲ್ಲಿ ಬಾನೆಟ್ ತೆರೆದು, ಕುದಿಯುವಷ್ಟು ಬಿಸಿಯಾದ ಪೈಪಿನ ಮೇಲೆ ಕೈಯೂರಿ ಟೀ ಅಂಗಡಿಯವನ ಜೊತೆ ಹರಟುತ್ತಾ ನಿಂತಿದ್ದರು. ನಾನೇ ಓಡಿಹೋಗಿ ಕೈ ಎಳೆದೆ. ಬೆರಳ ಚರ್ಮ ಬಿಳಿಚಿಕೊಂಡಿತ್ತು. ಅವರು ನಕ್ಕರು. ಮೆಕ್ಯಾನಿಕ್ಕಿನ ಕೈ ಅಂದರೆ ಹೀಗಿರಬೇಕು, ಕಬ್ಬಿಣ, ಎಂದು ಮೆಚ್ಚಿಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು!

ಮನೆ ತಲುಪಿದ ತಕ್ಷಣ ನಾನು ಕೀಲಿ ತಿರುಗಿಸಲು ಹೋದರೆ ತಡೆಯುತ್ತಿದ್ದರು. ಓಡಿ ಬಂದವರನ್ನು ಬಂದ ಕೂಡಲೇ ಮಲಗಿಸುತ್ತಾರಾ, ಒಂದು ನಿಮಿಷ ಇಂಜಿನ್ ಸುಮ್ಮನೆ ತಿರುಗುತ್ತಿರಲಿ, ಒಳಗಿನ ಚಕ್ರಕ್ಕೆ ಎಣ್ಣೆ ಓಡಿ ತಣ್ಣಗಾಗಲಿ ಎನ್ನುತ್ತಿದ್ದರು. ಆ ಒಂದು ನಿಮಿಷ ನಾವಿಬ್ಬರೂ ಮುಂದೆ ನೋಡುತ್ತಾ ಕೂತಿರುತ್ತಿದ್ದೆವು. ಬೇರೆ ಹೊತ್ತಲ್ಲಿ ಆಡದ ಮಾತು ಅವರ ಬಾಯಿಗೆ ಆಗ ಬರುತ್ತಿತ್ತು. ಹೆಂಡತಿ ಹೋಗಿ ಹನ್ನೆರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ, ಯಳಂದೂರಿನಲ್ಲಿ ಒಬ್ಬ ತಂಗಿ.

"ಒಬ್ರಿಗೆ ಮುದ್ದೆ ತೊಳಸದು ಬಲು ಕಷ್ಟ ಮೇಡಮ್ಮೋರೆ," ಎಂದರು ಒಂದು ಸಲ. "ಇಟ್ಟು ಎಷ್ಟು ಕಮ್ಮಿ ಆಕುದ್ರೂ ಇಬ್ರಿಗಾಯ್ತದೆ."

ನಮ್ಮ ಮನೆಯಲ್ಲಿ ಬೆಳಗಿನ ಉಪ್ಪಿಟ್ಟು ರಾತ್ರಿಗೂ ಇರುತ್ತದೆ ಎಂದು ಹೇಳಬಹುದಿತ್ತು.

ಒಪ್ಪಿಕೊಂಡುಬಿಡುತ್ತೇನೆ. ಏನೂ ಆಗದಿದ್ದರೂ ಎಷ್ಟೋ ಸಲ ಫೋನ್ ಮಾಡಿ, ಹೊಗೆ ಬರುತ್ತಿದೆ, ಎಳೆಯುತ್ತಿಲ್ಲ ಎಂದು ಸುಳ್ಳು ಹೇಳಿ ಅವರನ್ನು ಕರೆಸಿದ್ದೇನೆ. ಅವರು ಬಂದು, ಕಣ್ಣು ಮುಚ್ಚಿ ಕೇಳಿ, ಗಾಳಿಯ ಪೈಪ್ ಬಿಚ್ಚಿ ನನ್ನ ಬೆರಳು ಒಳಗಿಡಿಸಿ, "ಒಸಿ ಮಸಿ ಅದೆ" ಎನ್ನುತ್ತಿದ್ದರು. ಮಸಿ ಇರುತ್ತಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಇಷ್ಟನ್ನೂ ಕೆಡಿಸಿದ್ದು ನಾನೇ. ಒಂದು ಶನಿವಾರ ನಿಜವಾಗಿಯೇ ಮಸಿ ಕಟ್ಟಿತ್ತು. ಟರ್ಬೊ ಬಿಚ್ಚಿ ನೆನೆಹಾಕುವಷ್ಟರಲ್ಲಿ ಅವರಿಗೆ ಯಾಕೋ ಸುಸ್ತಾಯಿತು. ಮುಟ್ಟಬೇಡಿ, ನಾಳೆ ಬಂದು ತೊಳೆಯುತ್ತೇನೆ ಎಂದು ಎರಡು ಸಲ ಹೇಳಿ ಹೋದರು. ಭಾನುವಾರ ಬೆಳಿಗ್ಗೆ ಎದ್ದವಳಿಗೆ ಹುರುಪು ಬಂತು. ಪಾಪ, ವಯಸ್ಸಾದವರು, ಬರುವಷ್ಟರಲ್ಲಿ ಫಳಫಳ ಮಾಡಿಡೋಣ ಅನ್ನಿಸಿತು. ಅಮ್ಮ ಹಿತ್ತಾಳೆ ತಾಮ್ರ ಬೆಳಗುತ್ತಿದ್ದ ಹಾಗೆ ಹುಣಸೆಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ಹಿಡಿದು ಕೂತು ಗಂಟೆಗಟ್ಟಲೆ ತಿಕ್ಕಿದೆ. ಮಸಿ ಬಿಡದ ಕಡೆ ಚಾಕುವಿನ ತುದಿಯಿಂದ ಕೆರೆದೆ. ಬಿಸಿಲಿಗಿಟ್ಟರೆ ಕಣ್ಣು ಕುಕ್ಕುತ್ತಿತ್ತು!

ರಾಚಣ್ಣ ಬಂದು ನೋಡಿದರು, ಕುಕ್ಕರುಗಾಲಿನಲ್ಲಿ ಕೂತರು. ಚಕ್ರವನ್ನು ನನ್ನ ಕೈಗೆ ಕೊಟ್ಟು, ತಿರುಗಿಸಿ ಅಂದರು. ತಿರುಗಿಸಿದೆ. ಒಳಗೆಲ್ಲ ಇಟ್ಟಿಗೆ ಪುಡಿ, ಕರಕರ ಅಂದಿತು. ಎರಡು ಅಲಗು ಬಾಗಿದ್ದವು.

"ಇದು ದೇವ್ರ ಮನೆ ಚೊಂಬಲ್ಲ ಮೇಡಮ್ಮೋರೆ," ಎಂದರು. "ಮುಟ್ಬೇಡಿ ಅಂದಿದ್ನಲ್ಲ. ಒಂದು ಮಾತು ಕೇಳ್ಬಾರ್ದಾಗಿತ್ತಾ?"

ಅವರ ದನಿ ಏರಿರಲಿಲ್ಲ. ಏರಿದ್ದು ನನ್ನದು. ನನ್ನ ಕಾರು, ನನ್ನಿಷ್ಟ, ನೀವು ಕೆಲಸಕ್ಕೆ ಬಂದವರು ಅಂದುಬಿಟ್ಟೆ. ಸುಂದ್ರಮ್ಮ ಕಾಂಪೌಂಡಿನ ಆಚೆ ನಿಂತು ಕೇಳಿಸಿಕೊಂಡರು. ಮುಂದಿನ ವಾರ ರಾಚಣ್ಣ ಮೈಸೂರಿನಿಂದ ಬೇರೆ ಟರ್ಬೊ ಹುಡುಕಿ ತಂದು ಹಾಕಿದರು. ಅಂದೂ ನನ್ನ ಬೆರಳಿಡಿಸಿ ಕೇಳಿದರು, ಮುಖ ತಿರುಗಿಸಿಕೊಂಡೇ ಅಲ್ಲಾಡಲ್ಲ ಅಂದೆ. ಕಾಫಿ ಬೇಡವೆಂದು ಹೊರಟುಹೋದರು.

ಹದಿನೈದು ದಿನ ಕಳೆದ ಮೇಲೆ ಅವರದೇ ಫೋನು. ಅದಕ್ಕೆ ಮುಂಚೆ ಅವರಾಗಿ ಫೋನ್ ಮಾಡಿದ್ದೇ ಇಲ್ಲ.

"ಸಿಳ್ಳೆ ಎಂಗದೆ ಮೇಡಮ್ಮೋರೆ? ಬಂದು ನೋಡ್ಲಾ?"

"ಬೇಡ. ಗಾಡಿ ಚೆನ್ನಾಗಿದೆ," ಎಂದೆ.

"ಸರಿ ಬುಡಿ. ಆಪ್ ಮಾಡೋ ಮುಂಚೆ ಒಂದ್ ನಿಮ್ಸ ಬುಡದ್ನ ಮರೀಬೇಡಿ," ಎಂದು ಇಟ್ಟರು.

ನನ್ನ ಬಿಗುಮಾನ ಇಳಿಯಲು ನಾಲ್ಕು ತಿಂಗಳು ಬೇಕಾಯಿತು. ಇಳಿದ ಮೇಲೆ ಫೋನ್ ಮಾಡಿದರೆ ಸ್ವಿಚ್ ಆಫ್. ಮಧುವನಹಳ್ಳಿಗೆ ಹೋದರೆ ಮನೆಗೆ ಬೀಗ. ತಂಗಿ ಬಂದು ಯಳಂದೂರಿಗೆ ಕರೆದುಕೊಂಡು ಹೋದರು ಎಂದರು ಎದುರು ಮನೆಯವರು. ಹೊಗೆ ಬರುತ್ತಿದೆ ಎಂಬ ಹಳೆಯ ಸುಳ್ಳನ್ನೇ ಸಿದ್ಧಮಾಡಿಕೊಂಡು ಯಳಂದೂರಿಗೆ ಹೋದೆ.

ತಂಗಿ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು. ಕಾರನ್ನು ನೋಡಿದವರೇ ಮೊರ ಕೆಳಗಿಟ್ಟರು. ಅಣ್ಣ ಹೋಗಿ ಎರಡು ತಿಂಗಳಾಯಿತು ಅಂದರು. ಸಕ್ಕರೆ ಕಾಯಿಲೆ. ಕಾಲಿನ ಗಾಯ ಅವರಿಗೆ ಗೊತ್ತೇ ಆಗಿರಲಿಲ್ಲ, ಗೊತ್ತಾಗುವಷ್ಟರಲ್ಲಿ ನಂಜು ಏರಿತ್ತು.

"ಎಲ್ಡು ವರ್ಸದಿಂದ ಬೆರಳಲ್ಲೂ ಜೀವ ಇರ್ನಿಲ್ಲ ಕಣವ್ವ. ಬಿಸಿ ತಣ್ಣಗೆ ಒಂದೂ ತಿಳೀತಿರ್ನಿಲ್ಲ. ಬ್ಯಾರೇರ ಗಾಡಿ ಮುಟ್ಟದ್ನೆಲ್ಲ ಬುಟ್ಬುಟ್ಟಿದ್ದ. ನಿಮ್ದೊಂದೇ. ಮೇಡಮ್ಮೋರ ಕೈ ಅದೆ ನಂಗೆ ಅಂತಿದ್ದ."

ನಾನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ. ಆಯಮ್ಮ ಮಜ್ಜಿಗೆ ತಂದುಕೊಟ್ಟರು. ಕುಡಿದೆನೋ ಇಲ್ಲವೋ ನೆನಪಿಲ್ಲ.

ಸಂಜೆ ಮನೆಗೆ ಬಂದು ಕಾರು ನಿಲ್ಲಿಸಿದೆ. ಒಂದು ನಿಮಿಷ ಬಿಟ್ಟೆ. ಪಕ್ಕದ ಸೀಟು ಖಾಲಿ, ಎದುರಿಗೆ ಬೀಗ ಹಾಕಿದ ನನ್ನದೇ ಬಾಗಿಲು. ಇಂಜಿನ್ ತಣ್ಣಗಾದ ಮೇಲೆ ಬಾನೆಟ್ ಎತ್ತಿ, ಪೈಪ್ ಬಿಚ್ಚಿ, ಬೆರಳು ಒಳಗಿಟ್ಟು ಚಕ್ರ ತಿರುಗಿಸಿದೆ. "ಅಲ್ಲಾಡಲ್ಲ ರಾಚಣ್ಣ" ಎಂದು ಗಟ್ಟಿಯಾಗಿಯೇ ಹೇಳಿದೆ. ಯಾರ ಜೊತೆ ಮಾತು ಎಂದು ಸುಂದ್ರಮ್ಮ ಆಚೆಯಿಂದ ಕೇಳಿದರು. ಈ ಸಲ ಅವರನ್ನು ಸುಮ್ಮನಾಗಿಸಲು ಯಾರೂ ಕೈಯೆತ್ತಲಿಲ್ಲ.

ಅಷ್ಟು ಸಲ ಸುಳ್ಳು ಹೇಳಿ ಅವರನ್ನು ಕರೆಸಿಕೊಂಡವಳು ನಾನು. ಬಂದು ನೋಡಲಾ ಎಂದು ಅವರೇ ಕೇಳಿದ ದಿನ, ಗಾಡಿ ಚೆನ್ನಾಗಿದೆ ಎಂದು ನಿಜ ಹೇಳಿದೆ.