ಬಾಯಮ್ಮನ ಸಂಶಯ

ಯಾರ ಮುಖವನ್ನೇ ನೋಡಲಿ, ಸೂಜಿಗೆ ದಾರ ಪೋಣಿಸುವವರಂತೆ ಬಾಯಮ್ಮನ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆ ಕ್ರೈಸ್ತ ಹೆಂಗಸನ್ನು ಎಲ್ಲರೂ ಬಾಯಮ್ಮ ಎಂದೇ ಕರೆಯುತ್ತಿದ್ದರು. ರವಿಕೆ ಹೊಲಿದುಕೊಂಡು ಒಬ್ಬರೇ ಬದುಕುತ್ತಿದ್ದರು. ಮೀನಿನವಳು "ಇವತ್ತಿನದ್ದೇ" ಎಂದರೆ ಕಿವಿರು ಎತ್ತಿ ಮೂಸಿ ನೋಡುವರು. ಕರೆಂಟ್ ಬಿಲ್ಲಿನವನನ್ನು ಅಂಗಳದಲ್ಲೇ ನಿಲ್ಲಿಸಿ ಯಾವ ಊರು, ಯಾರ ಮಗ ಎಂದು ವಿಚಾರಿಸುವರು. ಒಮ್ಮೆ ಒಣಹಾಕಿದ ಸೀರೆ ಕಾಣದಾದಾಗ ನನ್ನ ಅಮ್ಮನನ್ನೇ ಅನುಮಾನಿಸಿದ್ದರು. ಸೀರೆ ಬಾವಿಯ ಹಿಂದೆ ಸಿಕ್ಕಿತು. ಅವರು ಕ್ಷಮೆ ಕೇಳಲಿಲ್ಲ, ಅಮ್ಮ ಮರೆಯಲಿಲ್ಲ.

ಹಾಗಾಗಿ ನನ್ನ ಕೆಲಸದ ಮಾತುಕತೆಯ ದಿನ ಅವರು ಕರೆಯದೆ ಬಂದು ಕುಳಿತದ್ದು ಅಮ್ಮನಿಗೆ ಹಿಡಿಸಲಿಲ್ಲ. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನನಗೆ ಕಾರ್ಕಳದ ಏಜೆಂಟನೊಬ್ಬ ಹೊರದೇಶದ ಕೆಲಸ ತಂದಿದ್ದ. ಎರಡು ದೇಶಗಳ ಗಡಿಯಲ್ಲಿರುವ ಬಂದರು ಪಟ್ಟಣ, ಅಲ್ಲಿನ ವಿಶೇಷ ಆರ್ಥಿಕ ವಲಯದೊಳಗೆ ಕಂಪ್ಯೂಟರ್ ಕೆಲಸ, ಊಟ ವಸತಿ ಕಂಪನಿಯದ್ದೇ.

ಬಾಯಮ್ಮ ಏಜೆಂಟನನ್ನು ಕೇಳಿದರು: "ಕೆಲಸ ಮುಗಿದ ಮೇಲೆ ಇವಳು ಗೇಟಿನ ಹೊರಗೆ ಹೋಗಬಹುದಾ?"

"ಒಳಗೇ ಎಲ್ಲ ಉಂಟು ಬಾಯಮ್ಮ. ಅಂಗಡಿ, ಡಾಕ್ಟ್ರು, ಎಲ್ಲ. ಹೊರಗೆ ಎಂತಕ್ಕೆ?"

"ಎಂತಕ್ಕೆ ಅಂತ ನಾನು ಕೇಳಲಿಲ್ಲ ಮಾರಾಯ. ಹೋಗಬಹುದಾ ಅಂತ ಕೇಳಿದ್ದು."

ಏಜೆಂಟ ನಕ್ಕು ಫೋನ್ ನೋಡತೊಡಗಿದ. ಅವನು ಹೋದದ್ದೇ ಅಮ್ಮ ಸಿಡಿದರು. "ನಿಮ್ಮ ಸಂಶಯ ನಿಮ್ಮ ಮನೆಯಲ್ಲೇ ಇರಲಿ. ನನ್ನ ಮಗಳಿಗೆ ಒಳ್ಳೆಯದಾಗುವುದು ನಿಮಗೆ ಬೇಡ ಅಲ್ವಾ?"

ಬಾಯಮ್ಮ ಎದ್ದು ನಿಂತರು. "ನಾನು ಗಲ್ಫಿಗೆ ಹೊಲಿಯಲಿಕ್ಕೆ ಹೋದದ್ದು ಇಂಥದೇ ಜಾಗಕ್ಕೆ. ಕಿಟಕಿಯಲ್ಲಿ ಹಡಗು ಕಾಣುತ್ತಿತ್ತು. ನೀರಿನ ಹತ್ತಿರ ಹೋಗಲಿಕ್ಕೆ ಒಂದು ದಿನವೂ ಬಿಡಲಿಲ್ಲ. ಪಾಸ್‌ಪೋರ್ಟ್ ಅವರ ಕೈಯಲ್ಲಿ."

ಅಷ್ಟು ವರ್ಷ ಪಕ್ಕದಲ್ಲಿದ್ದರೂ ನಮಗೆ ಈ ಸಂಗತಿ ಗೊತ್ತಿರಲಿಲ್ಲ.

ಅಲ್ಲಿ ಆಗಲೇ ಕೆಲಸಕ್ಕೆ ಸೇರಿದ್ದ ಹೆಬ್ರಿಯ ಹುಡುಗಿಯೊಬ್ಬಳ ನಂಬರನ್ನು ಏಜೆಂಟನೇ ಕೊಟ್ಟಿದ್ದ. ಹಿಂದೊಮ್ಮೆ ಮಾತಾಡಿದಾಗ ಊಟ, ರೂಮು ಎಲ್ಲವನ್ನೂ ಹೊಗಳಿದ್ದಳು. ಮರುದಿನ ಮತ್ತೆ ಕರೆಮಾಡಿ ಬಾಯಮ್ಮನ ಪ್ರಶ್ನೆಯನ್ನೇ ಕೇಳಿದೆ. ಆ ಕಡೆ ಅವಳ ಹಿಂದೆ ಯಾವುದೋ ಭಾಷೆಯಲ್ಲಿ ಗಂಡಸಿನ ದನಿ. "ಇಲ್ಲಿ ಎಲ್ಲ ಒಳ್ಳೆಯದುಂಟು" ಎಂದು ಪಾಠ ಒಪ್ಪಿಸುವಂತೆ ಹೇಳಿದವಳು ಅದೇ ಉಸಿರಿನಲ್ಲಿ ತುಳುವಿನಲ್ಲಿ "ಬರೊಡ್ಚಿ" ಎಂದಳು. ಬರಬೇಡ. ಫೋನ್ ಕಟ್ಟಾಯಿತು.

ಅಮ್ಮ ನನ್ನನ್ನು ತಬ್ಬಿಕೊಂಡು ಅತ್ತರು. ಬಾಯಮ್ಮ ಮಾತ್ರ, "ಇವಳು ಬಚಾವಾದಳು. ಆ ಹುಡುಗಿಯ ಮನೆ ಎಲ್ಲಿ?" ಎಂದರು.

ಹೆಬ್ರಿಯ ಬಸ್ಸಿಗೆ ಅಮ್ಮನೂ ಹತ್ತಿದರು. ಹುಡುಗಿಯ ಅಪ್ಪ ನಮ್ಮನ್ನು ಜಗಲಿಗೂ ಕರೆಯಲಿಲ್ಲ. "ಮಗಳು ಚೆನ್ನಾಗಿದ್ದಾಳೆ. ನೀವು ಯಾರು? ಇದರಲ್ಲಿ ನಿಮಗೆ ಎಂತ ಲಾಭ?"

ನನಗೆ ಸಿಟ್ಟು ಬಂತು. ಬಾಯಮ್ಮ ನನ್ನ ಕೈ ಒತ್ತಿದರು. "ಕೇಳಲಿ. ಏಜೆಂಟನ ಹತ್ತಿರ ಕೇಳಬೇಕಿತ್ತು. ನಮ್ಮ ಹತ್ತಿರವಾದರೂ ಕೇಳಲಿ."

ಆಮೇಲೆ ಮೆಟ್ಟಿಲ ಮೇಲೆಯೇ ಕುಳಿತು, ನಮಗೂ ಹೇಳದೆ ಇದ್ದುದನ್ನೆಲ್ಲ ಆ ಅಪರಿಚಿತನ ಮುಂದೆ ಹೇಳಿದರು. ಗಲ್ಫಿನಲ್ಲಿ ಕಾಯಿಲೆಬಿದ್ದು ಸತ್ತ ಗೆಳತಿಯ ಕಥೆಯನ್ನೂ ಹೇಳಿದರು. ಸಂಜೆಯ ಹೊತ್ತಿಗೆ ಆ ಅಪ್ಪ ನಮ್ಮೊಡನೆ ಪೊಲೀಸ್ ಠಾಣೆಗೆ ಹೊರಟರು.

ಹುಡುಗಿ ಮರಳಲು ತಿಂಗಳುಗಳೇ ಹಿಡಿದವು. ಫೋನಿನಲ್ಲಿ ಸುಳ್ಳು ಹೇಳಿ ಜನರನ್ನು ಮೋಸಗೊಳಿಸುವುದೇ ಅಲ್ಲಿ ಅವಳಿಂದ ಮಾಡಿಸುತ್ತಿದ್ದ ಕೆಲಸ. ಒಪ್ಪದ ದಿನ ಹೊಡೆತ.

ಬಾಯಮ್ಮ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಮಣಿಪಾಲದ ಆಸ್ಪತ್ರೆಯಲ್ಲೂ ಪ್ರತಿ ಮಾತ್ರೆಗೆ "ಇದು ಎಂತದ್ದು?" ಎಂದು ಕೇಳಿಯೇ ನುಂಗುತ್ತಿದ್ದರು. ಅವರಿಗೆ ಹತ್ತಿರದ ಬಂಧುಗಳಿರಲಿಲ್ಲ. ಶವಪೆಟ್ಟಿಗೆಗೆ ಹೆಗಲು ಕೊಡಲು ಜನ ಸಾಲದಾದಾಗ ಹೆಬ್ರಿಯಿಂದ ಬಂದಿದ್ದ ಆ ಅಪ್ಪ ಯಾರೂ ಕರೆಯದೆ ಮುಂದೆ ಬಂದು ನಿಂತರು. ಇಗರ್ಜಿಯ ಸ್ಮಶಾನದವರೆಗೂ ಹೆಗಲು ಬದಲಿಸಲು ಅವರು ಬಿಡಲಿಲ್ಲ.